ಇಂಗ್ಲಿಷಿನ ಅಪೊಸಿಷನ್, ಕನ್ನಡದ ‘ಎಂಬ’ ಮತ್ತು ‘ಆದ’

ಇಂಗ್ಲಿಷ್ ವ್ಯಾಕರಣದಲ್ಲಿ ಅಪೊಸಿಷನ್ ಎಂಬುದು ಬಹಳ ಸಣ್ಣ ಪಾಠ. ಪರೀಕ್ಷೆಯಲ್ಲಿ ಬಂದರೆ ಒಂದೆರಡು ಅಂಕ, ಬಾರದಿದ್ದರೆ ಅದೂ ಇಲ್ಲ. ಆದ್ದರಿಂದಲೇ ಹೆಚ್ಚಿನ ಅಧ್ಯಾಪಕರು ಅದನ್ನು ಒಂದು ಪೀರಿಯಡ್ಡಿನಲ್ಲಿ ಮುಗಿಸಿ ಮುಂದೆ ಸಾಗುತ್ತಾರೆ. ಆದರೆ ಈ ಸಣ್ಣ ಪಾಠವನ್ನು ನಾವು ಕಲಿಸುತ್ತಿರುವ ರೀತಿ ಸರಿಯಿಲ್ಲವೆಂದೂ, ಅದರ ನಷ್ಟವನ್ನು ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಮುಂದೆ ಕೆಲಸಕ್ಕೆ ಸೇರುವ ಹೊತ್ತಿನಲ್ಲಿ ಅನುಭವಿಸುತ್ತಾರೆಂದೂ ನನ್ನ ಅಭಿಪ್ರಾಯ. ಪರಿಹಾರ ದೂರದಲ್ಲೇನೂ ಇಲ್ಲ. ಅದು ಆ ಮಕ್ಕಳ ಕನ್ನಡದಲ್ಲಿಯೇ ಇದೆ.

ಪೀಣ್ಯದ ಆಸುಪಾಸಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ನಾನು ಅನೇಕ ವರ್ಷ ಇಂಗ್ಲಿಷ್ ಪಾಠ ಹೇಳಿದವನು. 1970ರ ದಶಕದ ಕೊನೆಯ ಭಾಗದಲ್ಲಿ ಕೈಗಾರಿಕಾ ಪ್ರದೇಶವಾಗಿ ಬೆಳೆಯತೊಡಗಿದ ಈ ಸೀಮೆಗೆ ರಾಜ್ಯದ ನಾನಾ ಜಿಲ್ಲೆಗಳಿಂದ ಜನ ಬಂದು ನೆಲೆಸಿದರು. ನನ್ನ ತರಗತಿಯಲ್ಲಿ ಲೇತ್ ಮೆಷೀನಿನ ಮುಂದೆ ನಿಲ್ಲುವವರ, ಗಾರ್ಮೆಂಟ್ಸಿಗೆ ಹೋಗುವ ತಾಯಂದಿರ, ಲಾರಿಗೆ ಸರಕು ತುಂಬುವವರ ಮಕ್ಕಳಿದ್ದರು. ಅವರಿಗೆ ಇಂಗ್ಲಿಷ್ ಎಂದರೆ ಕಾವ್ಯವೂ ಅಲ್ಲ, ಷೇಕ್ಸ್‌ಪಿಯರನೂ ಅಲ್ಲ. ಅಪ್ಪ ಸಂಜೆ ಮನೆಗೆ ತರುವ, ಮನೆಯಲ್ಲಿ ಯಾರಿಗೂ ಓದಲಾಗದ ಒಂದು ಕಾಗದವೇ ಇಂಗ್ಲಿಷ್. ಅಪೊಸಿಷನ್ನಿನ ಬಗ್ಗೆ ಬರೆಯುವಾಗ ಆ ಕಾಗದವೇ ನನ್ನ ಕಣ್ಣ ಮುಂದಿದೆ.

ಮೊದಲು ವಿಷಯವನ್ನು ಹೇಳುತ್ತೇನೆ. ಒಂದು ನಾಮಪದದ ಪಕ್ಕದಲ್ಲಿ ಅದೇ ವ್ಯಕ್ತಿಯನ್ನು, ವಸ್ತುವನ್ನು ಅಥವಾ ಸ್ಥಳವನ್ನು ಸೂಚಿಸುವ ಇನ್ನೊಂದು ನಾಮಪದವನ್ನೋ ನಾಮಪದದ ಗುಚ್ಛವನ್ನೋ ಇಡುವುದೇ ಅಪೊಸಿಷನ್. ಈ ಹೆಸರಿನ ಲ್ಯಾಟಿನ್ ಮೂಲಕ್ಕೆ ‘ಬಳಿಯಲ್ಲಿ ಇಡುವುದು’ ಎಂಬುದೇ ಅರ್ಥ. ಹಾಗೆ ಬಳಿಯಲ್ಲಿಟ್ಟ ಗುಚ್ಛವನ್ನು ಅಪೊಸಿಟಿವ್ ಫ್ರೇಸ್ ಎನ್ನುತ್ತಾರೆ. ನಮ್ಮ ಊರಿನದೇ ಉದಾಹರಣೆ ಕೊಡುವುದಾದರೆ: ‘ವೈಟ್‌ಫೀಲ್ಡ್, ಎ ಸೆಟಲ್‌ಮೆಂಟ್ ಆಫ್ ಆಂಗ್ಲೋ-ಇಂಡಿಯನ್ಸ್, ವಾಸ್ ಫೌಂಡೆಡ್ ಇನ್ 1882.’ ಮೈಸೂರಿನ ಮಹಾರಾಜರಾಗಿದ್ದ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ಭೂಮಿ ನೀಡಿದ್ದರಿಂದ ಹುಟ್ಟಿದ ಊರು ಅದು. ಆ ಸಂಘದ ಮುಂದಾಳು ಡಿ. ಎಸ್. ವೈಟ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಈ ವಾಕ್ಯದಲ್ಲಿ ‘ವೈಟ್‌ಫೀಲ್ಡ್’ ಎಂದರೂ ‘ಎ ಸೆಟಲ್‌ಮೆಂಟ್ ಆಫ್ ಆಂಗ್ಲೋ-ಇಂಡಿಯನ್ಸ್’ ಎಂದರೂ ಒಂದೇ ಊರು. ಇನ್ನೊಂದು: ‘ಆರ್. ಕೆ. ಬಾಳಿಗ, ದ ಫಸ್ಟ್ ಚೇರ್ಮನ್ ಆಫ್ ಕಿಯೋನಿಕ್ಸ್, ಪ್ಲ್ಯಾನ್ಡ್ ಎಲೆಕ್ಟ್ರಾನಿಕ್ ಸಿಟಿ.’ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಆರಂಭವಾದ ಆ ಬಡಾವಣೆಯ ಕನಸು ಕಂಡವರು ಬಾಳಿಗರು. ಇಲ್ಲಿಯೂ ಹೆಸರು ಎರಡು, ಮನುಷ್ಯ ಒಬ್ಬನೇ.

ಇದನ್ನು ಗುರುತಿಸಲು ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ಹೇಳಿಕೊಡುವ ಸೂತ್ರ ಒಂದೇ: ‘ಎರಡು ಕಾಮಾಗಳ ನಡುವೆ ಇರುವುದಕ್ಕೆ ಗೆರೆ ಎಳೆಯಿರಿ.’ ಗೈಡುಗಳಲ್ಲಿಯೂ ಇದೇ, ಟ್ಯೂಷನ್ನುಗಳಲ್ಲಿಯೂ ಇದೇ. ಈ ಸೂತ್ರದಿಂದ ಅಂಕ ಬರಬಹುದು, ವಿದ್ಯೆ ಬರುವುದಿಲ್ಲ. ‘ಲಿಸನ್, ರವಿ, ದ ಬಸ್ ಹ್ಯಾಸ್ ಕಮ್’ ಎಂಬಲ್ಲಿ ರವಿ ಎರಡು ಕಾಮಾಗಳ ನಡುವೆ ಇದ್ದಾನೆ. ಅದು ಸಂಬೋಧನೆಯೇ ಹೊರತು ಅಪೊಸಿಷನ್ ಅಲ್ಲ. ‘ಪೀಣ್ಯ, ಜಾಲಹಳ್ಳಿ, ದಾಸರಹಳ್ಳಿ’ ಎಂದು ಊರುಗಳನ್ನು ಸಾಲಾಗಿ ಹೇಳಿದರೆ ನಡುವಿನದು ಬೇರೆಯೇ ಊರು. ‘ರವಿ, ಹೂ ವರ್ಕ್ಸ್ ಇನ್ ಪೀಣ್ಯ’ ಎಂಬಲ್ಲಿ ಹಿಂಬದಿಯ ತುಂಡಿಗೆ ತನ್ನದೇ ಕ್ರಿಯಾಪದವಿದೆ, ಆದ್ದರಿಂದ ಅದು ಉಪವಾಕ್ಯ. ಅದನ್ನೇ ‘ರವಿ, ಎ ಫಿಟ್ಟರ್ ಇನ್ ಪೀಣ್ಯ’ ಎಂದು ಬರೆದರೆ ಅಪೊಸಿಷನ್ ಆಗುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ, ಕಾಮಾ ಇಲ್ಲದೆಯೂ ಅಪೊಸಿಷನ್ ಇರುತ್ತದೆ. ‘ದ ಪೊಯೆಟ್ ಬೇಂದ್ರೆ’ ಎಂಬಲ್ಲಿ ಕಾಮಾ ಎಲ್ಲಿದೆ? ಕೆಲವೊಮ್ಮೆ ಅದು ಅಡ್ಡಗೆರೆಗಳ ನಡುವೆ ಬರುತ್ತದೆ, ಕೆಲವೊಮ್ಮೆ ಆವರಣದೊಳಗೆ, ಕೆಲವೊಮ್ಮೆ ವಾಕ್ಯದ ಮೊದಲಿಗೇ. ಕಾಮಾವನ್ನು ಹುಡುಕಲು ಕಲಿತ ಹುಡುಗನಿಗೆ ಕಾಮಾ ಸಿಕ್ಕುತ್ತದೆ, ಅರ್ಥ ಸಿಕ್ಕುವುದಿಲ್ಲ.

ಅಪೊಸಿಷನ್ನನ್ನು ಗುರುತಿಸಬೇಕಾದದ್ದು ಅರ್ಥದಿಂದ. ನಾನು ತರಗತಿಯಲ್ಲಿ ಎರಡು ಪರೀಕ್ಷೆಗಳನ್ನು ಹೇಳಿಕೊಡುತ್ತಿದ್ದೆ. ಮೊದಲನೆಯದು ‘ಅಂದರೆ’ ಪರೀಕ್ಷೆ. ಎರಡು ಪದಗುಚ್ಛಗಳ ನಡುವೆ ಕನ್ನಡದ ‘ಅಂದರೆ’ ಇಟ್ಟು ನೋಡಬೇಕು. ‘ಬಾಳಿಗ, ಅಂದರೆ ಕಿಯೋನಿಕ್ಸಿನ ಮೊದಲ ಅಧ್ಯಕ್ಷ’ ಎಂದರೆ ಮಾತು ಕೂಡುತ್ತದೆ. ‘ಪೀಣ್ಯ, ಅಂದರೆ ಜಾಲಹಳ್ಳಿ’ ಎಂದರೆ ಕೂಡುವುದಿಲ್ಲ, ಕೂಡಲೇ ತರಗತಿಯಲ್ಲಿ ನಗು ಏಳುತ್ತದೆ. ಎರಡನೆಯದು ತೆಗೆದುಹಾಕುವ ಪರೀಕ್ಷೆ. ಕಾಮಾಗಳ ನಡುವಿನ ಅಪೊಸಿಷನ್ನನ್ನು ಎತ್ತಿ ಪಕ್ಕಕ್ಕಿಟ್ಟರೂ ಉಳಿದ ವಾಕ್ಯ ನಿಲ್ಲಬೇಕು. ‘ಬಾಳಿಗ ಪ್ಲ್ಯಾನ್ಡ್ ಎಲೆಕ್ಟ್ರಾನಿಕ್ ಸಿಟಿ’, ನಿಂತಿತು. ಎರಡರಲ್ಲಿಯೂ ಗೆದ್ದರೆ ಅದು ಅಪೊಸಿಷನ್ ಎಂದು ನಂಬಬಹುದು. ಎರಡನೆಯದರಲ್ಲಿ ಮಾತ್ರ ಗೆದ್ದರೆ ಸಾಲದು, ಏಕೆಂದರೆ ವಾಕ್ಯದಿಂದ ತೆಗೆದುಹಾಕಬಹುದಾದ ವಸ್ತುಗಳು ಬೇರೆ ಎಷ್ಟೋ ಇವೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಈ ಪಾಠದ ವಸ್ತು ಕನ್ನಡದ ಮಗುವಿಗೆ ಹೊಸದೇನಲ್ಲ. ‘ರವಿ ಎಂಬ ಹುಡುಗ’, ‘ನಮ್ಮ ನೆರೆಯವರಾದ ಮುನಿಯಪ್ಪ’, ‘ಅಕ್ಕ ಲಕ್ಷ್ಮಿ’ ಎಂದು ಮೂರು ವರ್ಷದ ಕೂಸು ಕೂಡ ಕೇಳಿ ಅರ್ಥಮಾಡಿಕೊಳ್ಳುತ್ತದೆ. ಇಂಗ್ಲಿಷ್ ಕಾಮಾ ಹಾಕುವ ಕಡೆ ಕನ್ನಡ ‘ಎಂಬ’ ಅಥವಾ ‘ಆದ’ ಎಂಬ ಪದವನ್ನು ಇಡುತ್ತದೆ. ನಮ್ಮದು ಇನ್ನೂ ಸ್ಪಷ್ಟ ಎಂದೇ ನಾನು ಹೇಳುತ್ತೇನೆ. ‘ರವಿ ಎಂಬ ಫಿಟ್ಟರ್’ ಎಂದರೆ ಕೇಳುವವನಿಗೆ ರವಿಯ ಪರಿಚಯವಿಲ್ಲ. ‘ಫಿಟ್ಟರ್ ಆದ ರವಿ’ ಎಂದರೆ ರವಿ ಗೊತ್ತಿದ್ದವನೇ, ಅವನ ಕಸುಬನ್ನು ಮಾತ್ರ ಹೇಳುತ್ತಿದ್ದೇವೆ. ‘ಕಾರ್ಖಾನೆ ಮುಚ್ಚಿತೆಂಬ ಸುದ್ದಿ’ ಎನ್ನುವಾಗಲೂ ಅದೇ ‘ಎಂಬ’. ಇಂಗ್ಲಿಷಿನಲ್ಲಿ ‘ದ ನ್ಯೂಸ್ ದ್ಯಾಟ್ ದ ಫ್ಯಾಕ್ಟರಿ ಕ್ಲೋಸ್ಡ್’ ಎಂದಾಗ ಸುದ್ದಿಯೂ ಮುಚ್ಚಿದ ಸಂಗತಿಯೂ ಒಂದೇ ಎಂಬುದನ್ನು ‘ದ್ಯಾಟ್’ ಹೇಳುತ್ತದೆ. ಅದನ್ನೇ ಕನ್ನಡದ ‘ಎಂಬ’ ಹೇಳುತ್ತದೆ.

ಇನ್ನೂ ಹತ್ತಿರದ ಉದಾಹರಣೆ ನಮ್ಮ ಪಹಣಿಯಲ್ಲಿದೆ. ‘ಮುನಿಯಪ್ಪ ಬಿನ್ ದೊಡ್ಡಯ್ಯ’, ‘ಲಕ್ಷ್ಮಮ್ಮ ಕೋಂ ನಂಜಪ್ಪ’, ‘ರಾಮಣ್ಣ ಉರುಫ್ ರಾಮಯ್ಯ’ ಎಂಬಂತಹ ಬರಹ ನೋಡದ ರೈತನ ಮನೆ ಕರ್ನಾಟಕದಲ್ಲಿ ಇಲ್ಲ. ಕಡತದಲ್ಲಿ ಇಬ್ಬರು ಮುನಿಯಪ್ಪರಿದ್ದರೆ ಯಾವ ಮುನಿಯಪ್ಪ ಎಂಬುದನ್ನು ‘ಬಿನ್’ ನಿರ್ಧರಿಸುತ್ತದೆ. ಒಬ್ಬನಿಗೇ ಎರಡು ಹೆಸರಿದ್ದರೆ ‘ಉರುಫ್’ ಅವೆರಡನ್ನೂ ಒಂದು ಮಾಡುತ್ತದೆ. ಇವು ಹೆಸರಿನ ಹಿಂದೆ ಬರುತ್ತವೆ, ಇಂಗ್ಲಿಷಿನ ‘ಸನ್ ಆಫ್’, ‘ವೈಫ್ ಆಫ್’ ಬರುವ ಹಾಗೆಯೇ. ಬೆಂಗಳೂರಿನ ಸುತ್ತಣ ಹಳ್ಳಿಗಳ ಭೂಮಿ ಕಾರ್ಖಾನೆಗಳಿಗೂ ಬಡಾವಣೆಗಳಿಗೂ ಹೋದಾಗ ಪರಿಹಾರದ ಹಣ ಯಾರ ಕೈ ಸೇರಬೇಕೆಂಬುದು ಇಂಥ ಎರಡಕ್ಷರದ ಪದಗಳನ್ನು ಅವಲಂಬಿಸಿತ್ತು. ತಾತನ ಹೆಸರು ಒಂದು ಕಾಗದದಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಇದ್ದು ‘ಉರುಫ್’ ಇಲ್ಲದ್ದರಿಂದ ಕಚೇರಿಗೆ ಅಲೆದ ಮನೆಗಳ ಮಕ್ಕಳು ನನ್ನ ತರಗತಿಯಲ್ಲಿಯೇ ಇದ್ದರು. ಅವರಿಗೆ ಅಪೊಸಿಷನ್ ಎಂದರೇನೆಂದು ನಾನು ಹೊಸದಾಗಿ ಹೇಳಬೇಕಾಗಿರಲಿಲ್ಲ. ಅದರ ಇಂಗ್ಲಿಷ್ ಹೆಸರನ್ನು ಹೇಳಿದರೆ ಸಾಕಾಗಿತ್ತು.

ಶಾಸ್ತ್ರದ ದೃಷ್ಟಿಯಿಂದಲೂ ನಾವು ಬಡವರಲ್ಲ. ಸಂಸ್ಕೃತ ವ್ಯಾಕರಣದಲ್ಲಿ ‘ಸಮಾನಾಧಿಕರಣ’ ಎಂಬ ಪರಿಭಾಷೆ ಇದೆ. ಒಂದೇ ವಸ್ತುವನ್ನು ಹೇಳುವ ಎರಡು ಪದಗಳ ಸಂಬಂಧ ಅದು. ಕರ್ಮಧಾರಯ ಸಮಾಸವನ್ನು ಪಾಣಿನಿ ವಿವರಿಸಿದ್ದು ಈ ಪರಿಭಾಷೆಯ ಮೂಲಕವೇ. ನಮ್ಮ ಪ್ರೌಢಶಾಲೆಯ ಮಕ್ಕಳು ಕನ್ನಡ ಪೀರಿಯಡ್ಡಿನಲ್ಲಿ ‘ಹಿರಿದು ಮರ ಹೆಮ್ಮರ’ ಎಂದು ಕರ್ಮಧಾರಯವನ್ನು ಬಾಯಿಪಾಠ ಮಾಡುತ್ತಾರೆ. ಮುಂದಿನ ಪೀರಿಯಡ್ಡಿನಲ್ಲಿ ಇಂಗ್ಲಿಷ್ ಮೇಷ್ಟ್ರು ಬಂದು ರೆನ್ ಮತ್ತು ಮಾರ್ಟಿನರ ಪುಸ್ತಕದಂತೆ, ಅಪೊಸಿಷನ್ನಿನಲ್ಲಿರುವ ನಾಮಪದ ತಾನು ವಿವರಿಸುವ ನಾಮಪದದ ವಿಭಕ್ತಿಯಲ್ಲಿಯೇ ಇರುತ್ತದೆ ಎನ್ನುತ್ತಾರೆ. ಎರಡೂ ಒಡಹುಟ್ಟಿದ ಮಾತುಗಳೆಂದು ಆ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಕನ್ನಡ ಮೇಷ್ಟ್ರೂ ಇಂಗ್ಲಿಷ್ ಮೇಷ್ಟ್ರೂ ಸ್ಟಾಫ್ ರೂಮಿನಲ್ಲಿ ಒಟ್ಟಿಗೆ ಕಾಫಿ ಕುಡಿಯುತ್ತಾರೆ, ವ್ಯಾಕರಣದ ಮಾತನ್ನು ಮಾತ್ರ ಆಡುವುದಿಲ್ಲ.

ಹೋಲಿಕೆಯನ್ನು ಹೇಳಿದ ಮೇಲೆ ವ್ಯತ್ಯಾಸವನ್ನೂ ಹೇಳಬೇಕು, ತೊಡಕು ಇರುವುದು ಅಲ್ಲಿಯೇ. ಸಂಸ್ಕೃತದಲ್ಲಿ ‘ರಾಜ್ಞೇ ದಶರಥಾಯ’ ಎಂದು ಎರಡು ಪದಕ್ಕೂ ವಿಭಕ್ತಿ ಹತ್ತುತ್ತದೆ. ಕನ್ನಡದಲ್ಲಿ ‘ರಾಜ ದಶರಥನಿಗೆ’ ಎಂದು ಕೊನೆಯ ಪದಕ್ಕೆ ಮಾತ್ರ. ಅಂದರೆ ಕನ್ನಡದಲ್ಲಿ ವಿವರಣೆ ಮೊದಲು, ಹೆಸರು ಕೊನೆಗೆ, ವಿಭಕ್ತಿ ಆ ಹೆಸರಿಗೆ. ಇಂಗ್ಲಿಷಿನಲ್ಲಿ ಹೆಚ್ಚಾಗಿ ಹೆಸರು ಮೊದಲು, ವಿವರಣೆ ಆಮೇಲೆ, ಕ್ರಿಯಾಪದ ಅದರಾಚೆ. ಕನ್ನಡದ ಹುಡುಗ ವಾಕ್ಯದ ಕೊನೆಯಲ್ಲಿ ಬರುವ ಹೆಸರೇ ಮುಖ್ಯ ಎಂದು ಓದುವ ಅಭ್ಯಾಸದವನು. ಇಂಗ್ಲಿಷ್ ವಾಕ್ಯದಲ್ಲಿಯೂ ಕ್ರಿಯಾಪದಕ್ಕೆ ಹತ್ತಿರವಿರುವ ಹೆಸರನ್ನೇ ಕರ್ತೃವೆಂದು ತಿಳಿಯುತ್ತಾನೆ. ‘ರವಿ, ಒನ್ ಆಫ್ ದ ಆಪರೇಟರ್ಸ್, ಈಸ್ ಆಬ್ಸೆಂಟ್’ ಎಂದು ಬರೆಯಬೇಕಾದಲ್ಲಿ ‘ಆಪರೇಟರ್ಸ್’ ಎಂಬ ಬಹುವಚನವನ್ನು ನೋಡಿ ‘ಆರ್’ ಎಂದು ಬರೆಯುತ್ತಾನೆ. ನಾವು ಅದನ್ನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಹೊಡೆದು ಅಜಾಗ್ರತೆ ಎನ್ನುತ್ತೇವೆ. ಅದು ಅಜಾಗ್ರತೆಯಲ್ಲ, ಅವನು ಕನ್ನಡದ ಕ್ರಮದಲ್ಲಿ ಓದುತ್ತಿದ್ದಾನೆ. ಕ್ರಮ ತಿರುವುಮುರುವಾಗಿದೆ ಎಂದು ಒಮ್ಮೆ ತೋರಿಸಿದರೆ ತಿದ್ದಿಕೊಳ್ಳುತ್ತಾನೆ.

ಇದರಿಂದ ಬದುಕಿಗೇನು ಎಂದು ಕೇಳುವವರಿಗೆ ಒಂದು ಸಂಗತಿಯನ್ನು ಹೇಳುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಐ.ಟಿ.ಐ. ಮುಗಿಸಿ ಕೆಲಸಕ್ಕೆ ಸೇರಿದ. ಊರಿಗೆ ಹೋಗಿ ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕಿತೆಂದು ಸಿಹಿ ಹಂಚಿ ಬಂದ. ಒಂದೂವರೆ ವರ್ಷದ ನಂತರ ಒಂದು ಬೆಳಗ್ಗೆ ಗೇಟಿನಲ್ಲಿ ಅವನನ್ನು ಒಳಗೆ ಬಿಡಲಿಲ್ಲ. ‘ನೀನು ನಮ್ಮ ಕಾರ್ಮಿಕನಲ್ಲ, ನಿನ್ನ ಕಾಂಟ್ರಾಕ್ಟರನ್ನು ಕೇಳು’ ಎಂದರು. ಅವನು ನೇಮಕಾತಿ ಪತ್ರವನ್ನು ಹಿಡಿದು ನನ್ನ ಮನೆಗೆ ಬಂದ. ಆ ಸಂಸ್ಥೆಗಳ ಹೆಸರು ಇಲ್ಲಿ ಬೇಡ. ಒಂದನ್ನು ‘ಎ’ ಎಂದೂ ಇನ್ನೊಂದನ್ನು ‘ಬಿ’ ಎಂದೂ ಕರೆದರೆ ಪತ್ರದ ಮೊದಲ ವಾಕ್ಯ ಹೀಗಿತ್ತು: ‘ವಿ, ಎ ಸರ್ವಿಸಸ್, ದ ಮ್ಯಾನ್‌ಪವರ್ ಕಾಂಟ್ರಾಕ್ಟರ್ ಟು ಬಿ ಲಿಮಿಟೆಡ್, ಆರ್ ಪ್ಲೀಸ್ಡ್ ಟು ಅಪಾಯಿಂಟ್ ಯು.’

ಆ ಹುಡುಗನ ಕಣ್ಣಿಗೆ ಬಿದ್ದದ್ದು ‘ಬಿ ಲಿಮಿಟೆಡ್’ ಎಂಬ ದೊಡ್ಡ ಹೆಸರು ಮತ್ತು ಅದರ ಪಕ್ಕದಲ್ಲಿಯೇ ಇದ್ದ ‘ಅಪಾಯಿಂಟ್’ ಎಂಬ ಪದ. ಎರಡನ್ನೂ ಸೇರಿಸಿಕೊಂಡು ‘ಬಿ’ಯವರು ನನ್ನನ್ನು ನೇಮಿಸಿದ್ದಾರೆ ಎಂದು ಓದಿದ್ದ. ‘ಅಂದರೆ’ ಪರೀಕ್ಷೆಯನ್ನು ಇಲ್ಲಿ ಮಾಡಿ ನೋಡಿ. ನಾವು, ಅಂದರೆ ‘ಎ’. ‘ಎ’, ಅಂದರೆ ‘ಬಿ’ಗೆ ಜನರನ್ನು ಒದಗಿಸುವ ಗುತ್ತಿಗೆದಾರ. ‘ಬಿ’ ಎಂಬುದು ಗುತ್ತಿಗೆದಾರನ ವಿವರಣೆಯ ಒಳಗೆ ಬಂದ ಹೆಸರು ಮಾತ್ರ, ವಾಕ್ಯದ ಕರ್ತೃವಲ್ಲ. ನಡುವಿನದನ್ನು ತೆಗೆದರೆ ‘ವಿ ಆರ್ ಪ್ಲೀಸ್ಡ್ ಟು ಅಪಾಯಿಂಟ್ ಯು’ ಎಂದು ಉಳಿಯುತ್ತದೆ. ಆ ‘ವಿ’ ಯಾರು ಎಂಬುದಕ್ಕೆ ಉತ್ತರ ಮೊದಲನೆಯ ಕಾಮಾದ ಪಕ್ಕದಲ್ಲಿಯೇ ಕುಳಿತಿದೆ. ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ: ‘ಬಿ ಲಿಮಿಟೆಡ್ಡಿಗೆ ಜನರನ್ನು ಒದಗಿಸುವ ಗುತ್ತಿಗೆದಾರರಾದ ಎ ಸರ್ವಿಸಸ್‌ನವರಾದ ನಾವು ನಿಮ್ಮನ್ನು ನೇಮಿಸಿದ್ದೇವೆ.’ ಎರಡು ‘ಆದ’, ಕೊನೆಗೆ ‘ನಾವು’. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಾರ್, ಕನ್ನಡದಲ್ಲಿ ಕೊಟ್ಟಿದ್ದರೆ ನನಗೆ ಅವತ್ತೇ ಗೊತ್ತಾಗುತ್ತಿತ್ತು’ ಎಂದ. ವ್ಯಾಕರಣ ತಿಳಿದಿದ್ದರೆ ಅವನ ಕೆಲಸ ಉಳಿಯುತ್ತಿತ್ತೆಂದು ನಾನು ಹೇಳುವುದಿಲ್ಲ. ತಾನು ಯಾರ ಕೆಲಸಗಾರ ಎಂಬುದು ಮೊದಲ ದಿನವೇ ಅವನಿಗೆ ತಿಳಿದಿರುತ್ತಿತ್ತು. ಪಿ.ಎಫ್. ಯಾರು ಕಟ್ಟುತ್ತಾರೆ, ಬಾಕಿ ಸಂಬಳವನ್ನು ಯಾರ ಬಳಿ ಕೇಳಬೇಕು ಎಂಬುದನ್ನು ಒಂದೂವರೆ ವರ್ಷ ಮೊದಲೇ ವಿಚಾರಿಸಿಕೊಳ್ಳುತ್ತಿದ್ದ.

ಬಾಡಿಗೆ ಕರಾರು, ಜಾಮೀನು ಪತ್ರ, ಸಾಲದ ಅರ್ಜಿ, ಪ್ರಮಾಣಪತ್ರ, ಇವೆಲ್ಲವೂ ಹೀಗೆಯೇ. ‘ಐ’ ಎಂದು ಆರಂಭವಾಗಿ, ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸ ಎಂದು ಮೂರು ಸಾಲು ಓಡಿ, ಆಮೇಲೆ ‘ಡಿಕ್ಲೇರ್’ ಎಂಬ ಕ್ರಿಯಾಪದ ಬರುತ್ತದೆ. ನಡುವೆ ಇರುವುದೆಲ್ಲ ಅಪೊಸಿಷನ್ ಅಲ್ಲ. ಹೆಸರು, ‘ಸನ್ ಆಫ್’ ಇವು ಅಪೊಸಿಷನ್, ‘ರಿಸೈಡಿಂಗ್ ಅಟ್’ ಎಂಬುದು ಕೃದಂತದಿಂದ ಆರಂಭವಾಗುವ ಬೇರೊಂದು ಗುಚ್ಛ. ಇವನ್ನೆಲ್ಲ ಪಕ್ಕಕ್ಕಿಟ್ಟು ವಾಕ್ಯದ ಬೆನ್ನೆಲುಬನ್ನು ಹಿಡಿಯುವುದು ಗೊತ್ತಿದ್ದವನು ತಾನು ಏನನ್ನು ಒಪ್ಪಿ ಸಹಿ ಹಾಕುತ್ತಿದ್ದೇನೆಂದು ತಿಳಿದುಕೊಳ್ಳುತ್ತಾನೆ. ಗೊತ್ತಿಲ್ಲದವನು ಬೆರಳು ತೋರಿಸಿದ ಕಡೆ ಸಹಿ ಹಾಕುತ್ತಾನೆ.

ಕನ್ನಡದ ಹೋಲಿಕೆ ಎಲ್ಲವನ್ನೂ ಬಗೆಹರಿಸುತ್ತದೆಂದು ನಾನು ವಾದಿಸುವುದಿಲ್ಲ. ‘ಮೈ ಬ್ರದರ್ ರವಿ’ ಎಂದು ಕಾಮಾ ಇಲ್ಲದೆ ಬರೆದರೆ ನನಗೆ ಇನ್ನೂ ಸಹೋದರರಿರಬಹುದು, ಅವರಲ್ಲಿ ರವಿ ಎಂಬವನ ಮಾತು ಇದು. ‘ಮೈ ಬ್ರದರ್, ರವಿ,’ ಎಂದು ಕಾಮಾ ಹಾಕಿದರೆ ಇರುವವನು ಒಬ್ಬನೇ, ಅವನ ಹೆಸರು ರವಿ. ‘ನನ್ನ ತಮ್ಮ ರವಿ’ ಎಂಬ ಕನ್ನಡದಲ್ಲಿ ಈ ಭೇದ ಕಾಣುವುದಿಲ್ಲ. ಇಲ್ಲಿ ಇಂಗ್ಲಿಷನ್ನು ಇಂಗ್ಲಿಷಾಗಿಯೇ ಕಲಿಸಬೇಕು. ಇಂಗ್ಲಿಷಿನವರೂ ಈ ನಿಯಮವನ್ನು ಎಲ್ಲ ಕಡೆ ಪಾಲಿಸುವುದಿಲ್ಲ, ಹತ್ತಿರದ ನೆಂಟರ ಹೆಸರಿಗೆ ಕಾಮಾ ಬಿಡುವುದು ಸಾಮಾನ್ಯ ಎಂಬುದನ್ನೂ ಹೇಳಬೇಕು. ಆದರೆ ಎರಡೂ ಒಂದೇ ಎಂಬ ಮೂಲಭಾವ ಮೊದಲು ಮನಸ್ಸಿಗೆ ಹತ್ತದೆ ಇದ್ದರೆ ಕಾಮಾದ ಈ ಸೂಕ್ಷ್ಮವನ್ನು ಯಾವುದರ ಮೇಲೆ ಕಟ್ಟುವುದು?

ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡದ ಒಂದಕ್ಷರವೂ ಬರಬಾರದು ಎನ್ನುವ ಮಿತ್ರರಿದ್ದಾರೆ. ಭಾಷೆಯನ್ನು ಕೇಳಿ ಕೇಳಿ ಕಲಿಯಬೇಕು ಎಂಬುದು ಅವರ ವಾದ. ಕೇಳುವ ಅವಕಾಶ ಇರುವ ಮನೆಗಳಿಗೆ ಆ ಮಾತು ಸರಿ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಆದರೂ ಶಾಲೆಯ ಹೊರಗೆ ದಿನದಲ್ಲಿ ಐದು ನಿಮಿಷವೂ ಇಂಗ್ಲಿಷ್ ಸಂಭಾಷಣೆ ಕಿವಿಗೆ ಬೀಳದ ಮಕ್ಕಳು ಪೀಣ್ಯದಲ್ಲಿಯೂ ಬೊಮ್ಮಸಂದ್ರದಲ್ಲಿಯೂ ಬೇಕಾದಷ್ಟಿದ್ದಾರೆ. ಐ.ಟಿ. ಕಂಪನಿಗಳ ಗಾಜಿನ ಗೋಡೆಯ ಪಕ್ಕದಲ್ಲಿಯೇ ಅವರ ಮನೆಗಳಿದ್ದರೂ ಆ ಗೋಡೆಯ ಒಳಗಿನ ಭಾಷೆ ಅವರಿಗೆ ಕೇಳಿಸುವುದಿಲ್ಲ. ಅವರ ಬಳಿ ಇರುವ ಬಂಡವಾಳ ಕನ್ನಡ. ಅದನ್ನು ಬಾಗಿಲ ಹೊರಗೆ ಬಿಟ್ಟು ಬರಿಗೈಯಲ್ಲಿ ಬಾ ಎಂದು ಹೇಳುವುದು ನ್ಯಾಯವಲ್ಲ.

ಪಾಠಕ್ಕೆ ಸಾಮಗ್ರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮೆಟ್ರೊ ನಿಲ್ದಾಣಗಳ ಹೆಸರುಗಳನ್ನೇ ತೆಗೆದುಕೊಳ್ಳಿ. 2023ರಲ್ಲಿ ತೆರೆದ ನೇರಳೆ ಮಾರ್ಗದ ಕೊನೆಯ ನಿಲ್ದಾಣದಲ್ಲಿ ‘ವೈಟ್‌ಫೀಲ್ಡ್’ ಎಂಬುದರ ಪಕ್ಕ ಆವರಣದೊಳಗೆ ‘ಕಾಡುಗೋಡಿ’ ಎಂದಿದೆ. ಎರಡೂ ಒಂದೇ ಎಂದು ಫಲಕ ಹೇಳುತ್ತದೆ, ಹಳೆಯ ಕಾಡುಗೋಡಿಯವರು ಒಪ್ಪುತ್ತಾರೋ ಇಲ್ಲವೋ ಬೇರೆ ಮಾತು. 2025ರ ಆಗಸ್ಟಿನಲ್ಲಿ ತೆರೆದ ಹಳದಿ ಮಾರ್ಗದಲ್ಲಿ ‘ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ’ ಎಂಬ ನಿಲ್ದಾಣವಿದೆ. ಇಲ್ಲಿಯೂ ಎರಡು ಹೆಸರುಗಳು ಅಕ್ಕಪಕ್ಕ ಇವೆ. ‘ಅಂದರೆ’ ಇಟ್ಟು ನೋಡಿದರೆ ಕೂಡುವುದಿಲ್ಲ, ಪ್ರತಿಷ್ಠಾನ ಬೇರೆ, ಊರು ಬೇರೆ. ಅಕ್ಕಪಕ್ಕ ಇದ್ದ ಮಾತ್ರಕ್ಕೆ ಅಪೊಸಿಷನ್ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಗೈಡಿನಲ್ಲಿಯೂ ಸಿಕ್ಕಲಾರದು.

ಈಗ ಪಾಠ ಹೇಳುತ್ತಿರುವ ಕಿರಿಯ ಅಧ್ಯಾಪಕ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ. ಅಪೊಸಿಷನ್ನಿನ ವ್ಯಾಖ್ಯೆಯನ್ನು ಬರೆಸುವ ಮೊದಲು ಮಕ್ಕಳಿಂದ ಹತ್ತು ‘ಎಂಬ’ ಮತ್ತು ಹತ್ತು ‘ಆದ’ ವಾಕ್ಯಗಳನ್ನು ಹೇಳಿಸಿ. ಮನೆಯ ಪಹಣಿಯಲ್ಲಿ ತಾತನ ಹೆಸರಿನ ಮುಂದೆ ಏನಿದೆ ಎಂದು ನೋಡಿಕೊಂಡು ಬರಲು ಹೇಳಿ. ಆಮೇಲೆ ಆ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿ, ಹೆಸರು ಮುಂದಕ್ಕೆ ಹೋದದ್ದನ್ನೂ ಕಾಮಾ ಬಂದದ್ದನ್ನೂ ಕರಿಹಲಗೆಯ ಮೇಲೆ ತೋರಿಸಿ. ಕೊನೆಗೆ ಒಂದು ನಿಜವಾದ ನೇಮಕಾತಿ ಪತ್ರವನ್ನೋ ಬಾಡಿಗೆ ಕರಾರನ್ನೋ, ಹೆಸರುಗಳನ್ನು ಅಳಿಸಿ, ತರಗತಿಗೆ ತನ್ನಿ. ‘ಇದರಲ್ಲಿ ವಿ ಎಂದರೆ ಯಾರು?’ ಎಂದು ಕೇಳಿ. ಇದಕ್ಕೆ ಎರಡು ಪೀರಿಯಡ್ಡು ಹಿಡಿಯುತ್ತದೆ. ಆ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದ ಹುಡುಗ ಅಥವಾ ಹುಡುಗಿ ಅಪೊಸಿಟಿವ್ ಎಂಬ ಹೆಸರನ್ನು ಮರೆತರೂ ಚಿಂತೆಯಿಲ್ಲ.